ಬೈಕು ‘ಸ್ಲೋ’ ನಿಲ್ಲುತ್ತಿಲ್ಲವೆ? ಸ್ಕ್ರೂ ಮುಟ್ಟುವ ಮೊದಲು ಕೇಬಲ್ ನೋಡಿ

ಮುಂಗಾರು ಹಿಡಿದು ಹತ್ತು ಹದಿನೈದು ದಿನ ಕಳೆಯುವಷ್ಟರಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಬೈಕುಗಳಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಬೆಳಗಿನ ಜಾವ ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟರೆ ಡೈರಿ ಮುಟ್ಟುವುದರೊಳಗೆ ಗಾಡಿ ಮೂರು ಸಲ ಆಫ್ ಆಗುತ್ತದೆ. ಇಲ್ಲವೆ ಇದರ ತದ್ವಿರುದ್ಧ. ಆಕ್ಸಿಲರೇಟರ್ ಹಿಡಿಯನ್ನು ಪೂರ್ತಿ ಬಿಟ್ಟರೂ ಎಂಜಿನ್ ಸದ್ದು ಇಳಿಯುವುದಿಲ್ಲ. ಗಾಡಿ ನಿಂತಲ್ಲೇ ಕೂಗುತ್ತದೆ. ಮೆಕ್ಯಾನಿಕರ ಮಾತಿನಲ್ಲಿ ಮೊದಲನೆಯದು ‘ಸ್ಲೋ ನಿಲ್ಲದಿರುವುದು’, ಎರಡನೆಯದು ‘ರೇಸ್ ಆಗುವುದು’.

ಪೇಟೆಯಲ್ಲಾದರೆ ಇದು ಕಿರಿಕಿರಿಯ ವಿಷಯ. ನಮ್ಮಲ್ಲಿ ಹಾಗಲ್ಲ. ಒಂದೊಂದು ಮನೆ ಒಂದೊಂದು ಗುಡ್ಡದ ಬುಡದಲ್ಲಿ, ಬಸ್ಸು ನಿಲ್ಲುವ ಜಾಗಕ್ಕೆ ಎರಡು ಮೂರು ಮೈಲಿ. ಸೊಸೈಟಿಗೆ, ಮಂಡಿಗೆ, ಆಸ್ಪತ್ರೆಗೆ, ಮಕ್ಕಳ ಶಾಲೆಗೆ ಎಲ್ಲದಕ್ಕೂ ಅದೇ ನೂರು ಸಿಸಿಯ ಗಾಡಿ. ಕರೂರು, ತುಮರಿ ಕಡೆಯವರಿಗೆ 2025ರ ಜುಲೈಯಲ್ಲಿ ಸಿಗಂದೂರಿನ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಗೋಳು ತಪ್ಪಿತು, ನಿಜ. ಆದರೆ ಸೇತುವೆ ಇದ್ದರೂ ದಾಟುವ ಗಾಡಿ ನೆಟ್ಟಗಿರಬೇಕಲ್ಲ! ಇನ್ನು ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ, ಅಥವಾ ಮಾಸ್ತಿಕಟ್ಟೆಯಿಂದ ಹೊಸಂಗಡಿಗೆ ಇಳಿಯುವ ಹುಲಿಕಲ್ ಘಾಟಿಯಲ್ಲಿ ಆಕ್ಸಿಲರೇಟರ್ ಎಳೆದ ಜಾಗದಲ್ಲೇ ಸಿಕ್ಕಿಕೊಂಡರೆ ಅದು ರಿಪೇರಿಯ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ಈ ಕಾಯಿಲೆಗೆ ಸಾಮಾನ್ಯವಾಗಿ ಮಾಡುವ ಔಷಧ ಒಂದೇ. ಕಾರ್ಬೊರೇಟರಿನ ಪಕ್ಕದ ಸ್ಕ್ರೂ ತಿರುಗಿಸುವುದು. ಆಫ್ ಆಗುತ್ತದೆಯೆ, ಏರಿಸು, ಕೂಗುತ್ತದೆಯೆ, ಇಳಿಸು. ಇದು ಜ್ವರ ಬಂದವನಿಗೆ ಕಾರಣ ಕೇಳದೆ ತಣ್ಣೀರು ಪಟ್ಟಿ ಹಾಕಿದ ಹಾಗೆ. ಎರಡು ದಿನ ನೆಟ್ಟಗಿರುತ್ತದೆ, ಮೂರನೆಯ ದಿನ ಮತ್ತೆ ಅದೇ ಪಾಡು. ಅಷ್ಟರಲ್ಲಿ ಸ್ಕ್ರೂ ಮೊದಲು ಎಲ್ಲಿತ್ತೆಂಬುದೂ ಮರೆತುಹೋಗಿರುತ್ತದೆ. ಅದಕ್ಕೇ ಈ ಲೇಖನದಲ್ಲಿ ಸ್ಕ್ರೂವಿನ ಮಾತು ಕೊನೆಗೆ ಬರುತ್ತದೆ.

ಮೊದಲು ನಿಮ್ಮ ಗಾಡಿ ಯಾವ ಜಾತಿಯದು ತಿಳಿಯಿರಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳಿಂದ ಹಿಡಿದು (ಆ ಕಾರ್ಖಾನೆ 1996ರಲ್ಲಿ ಮುಚ್ಚಿತು), 1985ರಲ್ಲಿ ಬಂದ ಹೀರೊ ಹೊಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100, ಆಮೇಲಿನ ಸ್ಪ್ಲೆಂಡರ್, ಟಿವಿಎಸ್ ಎಕ್ಸ್‌ಎಲ್‌ವರೆಗೆ ನಮ್ಮ ಕೊಟ್ಟಿಗೆಯ ಪಕ್ಕದಲ್ಲಿ ನಿಂತ ಗಾಡಿಗಳೆಲ್ಲ ಕಾರ್ಬೊರೇಟರಿನವು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಹೊಗೆ ನಿಯಮ ಜಾರಿಗೆ ಬಂದ ಮೇಲೆ ಮಾರಾಟವಾದ ಗಾಡಿಗಳಲ್ಲಿ ಬಹುಪಾಲಿಗೆ ಕಾರ್ಬೊರೇಟರ್ ಇಲ್ಲ. ಪೆಟ್ರೋಲನ್ನು ಪಂಪಿನಿಂದ ಒತ್ತಿ ಸಿಂಪಡಿಸುವ ಇಂಜೆಕ್ಟರ್ ಇದೆ, ಎಷ್ಟು ಸಿಂಪಡಿಸಬೇಕೆಂದು ಲೆಕ್ಕ ಹಾಕುವ ಒಂದು ವಿದ್ಯುತ್ ಪೆಟ್ಟಿಗೆ ಇದೆ. ಕೀಲಿ ತಿರುಗಿಸಿದೊಡನೆ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿ ಆರುತ್ತಿದ್ದರೆ, ಟ್ಯಾಂಕಿನೊಳಗಿನಿಂದ ಒಂದೆರಡು ಸೆಕೆಂಡ್ ‘ಜುಂಯ್’ ಎಂಬ ಸದ್ದು ಬರುತ್ತಿದ್ದರೆ ನಿಮ್ಮದು ಈ ಹೊಸ ಜಾತಿ. ಅದರ ಸ್ಕ್ರೂಗಳಿಗೆ ಕೈಹಾಕಲೇಬೇಡಿ. ಮುಂದೆ ಬೇರೆಯಾಗಿ ಹೇಳಿದೆ. ಆದರೆ ಹಿಡಿಯಿಂದ ಎಂಜಿನ್‌ವರೆಗೆ ಹೋಗುವ ಕೇಬಲ್ ಎರಡೂ ಜಾತಿಗೆ ಒಂದೇ. ಆದ್ದರಿಂದ ಕೇಬಲ್ಲಿನ ಭಾಗವನ್ನು ಎಲ್ಲರೂ ಓದಬೇಕು.

ಕಾರ್ಬೊರೇಟರಿನ ಒಳಗಿನ ಕೆಲಸ ಸರಳ. ಎಂಜಿನ್ ಉಸಿರೆಳೆಯುವ ದಾರಿಯಲ್ಲಿ ಮೇಲೆ ಕೆಳಗೆ ಜಾರುವ ಒಂದು ಉರುಟು ಬಾಗಿಲಿದೆ. ಅದಕ್ಕೆ ಸ್ಲೈಡು ಎನ್ನುತ್ತಾರೆ. ತೋಟದ ಕಾಲುವೆಗೆ ಹಲಗೆ ಇಟ್ಟು ನೀರು ತಿರುಗಿಸುವುದಿಲ್ಲವೆ, ಹಾಗೆಯೇ. ನೀವು ಹಿಡಿ ತಿರುಗಿಸಿದರೆ ಕೇಬಲ್ ಈ ಬಾಗಿಲನ್ನು ಮೇಲೆತ್ತುತ್ತದೆ. ಬಿಟ್ಟರೆ ಸ್ಪ್ರಿಂಗು ಕೆಳಗೆ ತಳ್ಳುತ್ತದೆ. ಬಾಗಿಲು ಪೂರ್ತಿ ಮುಚ್ಚಿ ಎಂಜಿನ್ ನಿಂತುಹೋಗದಂತೆ ಕೂದಲೆಳೆಯಷ್ಟು ಸಂದು ಉಳಿಸುವುದು ಪಕ್ಕದ ‘ಸ್ಲೋ ಸ್ಕ್ರೂ’. ಪೆಟ್ರೋಲ್ ಬರಲು ಮೂರು ದಾರಿ. ಹಿಡಿ ಬಿಟ್ಟಿರುವಾಗ ಮತ್ತು ತುಸುವೇ ತೆರೆದಾಗ ಸೂಜಿಮೊನೆಯಷ್ಟು ತೂತಿನ ಪೈಲಟ್ ಜೆಟ್. ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಸ್ಲೈಡಿನಿಂದ ಇಳಿಬಿದ್ದ ಸೂಜಿ. ಪೂರ್ತಿ ಎಳೆದಾಗ ಮೇನ್ ಜೆಟ್. ಇದಿಷ್ಟು ನೆನಪಿದ್ದರೆ ಅರ್ಧ ರೋಗ ಪತ್ತೆಯಾದಂತೆ. ಹಿಡಿಯ ಮೇಲೆ ಒಂದು ತುಂಡು ಬಿಳಿ ಟೇಪು ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಎಂದು ಪೆನ್ನಿನಲ್ಲಿ ಗೆರೆ ಹಾಕಿಕೊಳ್ಳಿ. ಗಾಡಿ ಯಾವ ಗೆರೆಯ ಹತ್ತಿರ ತಡವರಿಸುತ್ತದೆಂದು ಎರಡು ದಿನ ಗಮನಿಸಿ. ನಿಂತಲ್ಲಿ ಆಫ್ ಆಗುತ್ತದೆ ಆದರೆ ಓಡುವಾಗ ಚೆನ್ನಾಗಿದೆ ಎಂದರೆ ಪೈಲಟ್ ಜೆಟ್ಟಿನ ಮೇಲೆ ಅನುಮಾನ ಪಡಿ. ಸ್ಲೋ ಚೆನ್ನಾಗಿದೆ, ಏರಿನಲ್ಲಿ ಪೂರ್ತಿ ಎಳೆದರೆ ಸೊರಗುತ್ತದೆ ಎಂದರೆ ಮೇನ್ ಜೆಟ್, ಪೆಟ್ರೋಲ್ ಬರುವ ದಾರಿ, ಏರ್ ಫಿಲ್ಟರ್ ನೋಡಬೇಕು. ಸ್ಲೋ ಸ್ಕ್ರೂ ಎಷ್ಟು ತಿರುಗಿಸಿದರೂ ಈ ಎರಡನೆಯ ತೊಂದರೆ ಹೋಗುವುದಿಲ್ಲ.

ಕೇಬಲ್: ಎರಡು ನಿಮಿಷದ ಪರೀಕ್ಷೆ

ಎಂಜಿನ್ ಆಫ್ ಇರಲಿ. ಹಿಡಿಯನ್ನು ಪೂರ್ತಿ ತಿರುಗಿಸಿ ಒಮ್ಮೆಗೇ ಬಿಟ್ಟುಬಿಡಿ. ‘ಟಕ್’ ಎಂದು ತಾನೇ ಹಿಂದಕ್ಕೆ ಹೋಗಬೇಕು. ಹ್ಯಾಂಡಲ್ಲನ್ನು ಎಡಕ್ಕೆ ಪೂರ್ತಿ ತಿರುಗಿಸಿ ಇನ್ನೊಮ್ಮೆ, ಬಲಕ್ಕೆ ತಿರುಗಿಸಿ ಮತ್ತೊಮ್ಮೆ ಇದನ್ನೇ ಮಾಡಿ. ಮೂರೂ ಸಲ ಟಕ್ ಎನ್ನಬೇಕು. ನಿಧಾನವಾಗಿ ಜಾರಿದರೆ, ನಡುವೆ ನಿಂತರೆ, ಒಂದು ಪಕ್ಕಕ್ಕೆ ತಿರುಗಿಸಿದಾಗ ಮಾತ್ರ ಬಿಗಿಯಾದರೆ ಆ ಗಾಡಿಯನ್ನು ಘಾಟಿಗೆ ಒಯ್ಯಬೇಡಿ.

ನಂತರ ಎಂಜಿನ್ ಚಾಲೂ ಮಾಡಿ, ಬಿಸಿಯಾದ ಮೇಲೆ, ಹಿಡಿ ಮುಟ್ಟದೆ ಹ್ಯಾಂಡಲ್ಲನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ. ಸದ್ದು ಒಂದೇ ಸಮ ಇರಬೇಕು. ತಿರುಗಿಸಿದಾಗ ಏರಿದರೆ ಕೇಬಲ್ಲಿಗೆ ಸಡಿಲು ಸಾಲದು, ಅಥವಾ ಅದು ಟ್ಯಾಂಕಿನ ಕೆಳಗೆ ಎಲ್ಲೋ ಸಿಕ್ಕಿ ಎಳೆಯುತ್ತಿದೆ. ಹಿಡಿಯ ಅಂಚಿನಲ್ಲಿ 2ರಿಂದ 6 ಮಿಲಿಮೀಟರ್ ಖಾಲಿ ಆಟ ಇರಬೇಕು. ಅಂದರೆ ಅಷ್ಟು ತಿರುಗಿದ ಮೇಲೆಯೇ ಕೇಬಲ್ ಎಳೆಯಲು ಶುರು ಮಾಡಬೇಕು. ಇದನ್ನು ಸರಿಪಡಿಸುವ ನಟ್ಟು ಹಿಡಿಯ ಹತ್ತಿರ ಇಲ್ಲವೆ ಕಾರ್ಬೊರೇಟರಿನ ಮುಚ್ಚಳದ ಮೇಲೆ ಇರುತ್ತದೆ.

ಇಲ್ಲಿ ನಮ್ಮವರ ಒಂದು ರೂಢಿಯ ಬಗ್ಗೆ ಹೇಳಲೇಬೇಕು. ಹ್ಯಾಂಡಲ್ಲಿಗೆ ಒಂದು ಪಕ್ಕ ಹಾಲಿನ ಕ್ಯಾನು, ಇನ್ನೊಂದು ಪಕ್ಕ ದಿನಸಿಯ ಚೀಲ, ಟ್ಯಾಂಕಿನ ಮೇಲೆ ಹಿಂಡಿ ಮೂಟೆ. ಆ ಚೀಲದ ಹಿಡಿಕೆ ಕೇಬಲ್ಲನ್ನು ಒತ್ತಿ ಹಿಡಿಯುತ್ತದೆ. ತಿರುವಿನಲ್ಲಿ ಹ್ಯಾಂಡಲ್ ಹೊರಳಿದಾಗ ಮೂಟೆ ಕೇಬಲ್ಲನ್ನು ಎಳೆದು, ನೀವು ಹಿಡಿ ಬಿಟ್ಟಿದ್ದರೂ ಗಾಡಿ ಮುಂದಕ್ಕೆ ಚಿಮ್ಮುತ್ತದೆ. ಇಂಥ ಗಾಡಿಯನ್ನು ಮೆಕ್ಯಾನಿಕರ ಹತ್ತಿರ ಒಯ್ದರೆ ಅವರಿಗೆ ದೋಷ ಸಿಗುವುದೇ ಇಲ್ಲ. ಏಕೆಂದರೆ ಮೂಟೆ ಮನೆಯಲ್ಲಿರುತ್ತದೆ. ಪರೀಕ್ಷೆಯನ್ನು ಹೊರೆ ಕಟ್ಟಿದ ಮೇಲೂ ಒಮ್ಮೆ ಮಾಡಿ.

ಕೇಬಲ್ ಬಿಗಿಯಾಗಲು ಮುಖ್ಯ ಕಾರಣ ಮಳೆಯ ನೀರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಹುಲಿಕಲ್, ಯಡೂರು ಕಡೆಯೂ ಹೆಚ್ಚು ಕಡಿಮೆ ಅದೇ ಕಥೆ. ಸೂರಿನಂಚಿನಲ್ಲಿ ನಿಂತ ಗಾಡಿಯ ಹಿಡಿಯ ಕಡೆಯಿಂದ ನೀರು ಕೇಬಲ್ಲಿನೊಳಗೆ ಇಳಿದು, ಬಗ್ಗಿದ ಜಾಗದಲ್ಲಿ ನಿಂತು, ಒಳತಂತಿಗೆ ತುಕ್ಕು ಹಿಡಿಸುತ್ತದೆ. ಇದರ ಮೇಲೆ ಮೈಲುತುತ್ತದ ಚೀಲವನ್ನೋ ಪೊಟ್ಯಾಷ್ ಗೊಬ್ಬರದ ಒಡಕು ಮೂಟೆಯನ್ನೋ ಟ್ಯಾಂಕಿನ ಮೇಲೆ ಇಟ್ಟು ತಂದಿದ್ದರೆ ಕೇಳುವುದೇ ಬೇಡ. ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುತ್ತದೆಂಬುದು ಬೋರ್ಡೊ ದ್ರಾವಣ ತಯಾರಿಸುವ ಪ್ರತಿಯೊಬ್ಬ ಅಡಕೆ ಬೆಳೆಗಾರನಿಗೂ ಗೊತ್ತು. ಕಬ್ಬಿಣದ ಡ್ರಮ್ಮಿನಲ್ಲಿ ಯಾರೂ ಕದಡುವುದಿಲ್ಲ. ಆದರೆ ಅದೇ ಚೀಲ ಬೈಕಿನ ಕೇಬಲ್ಲಿನ ಮೇಲೆ ಸುರಿದರೆ ಯಾರೂ ತೊಳೆಯುವುದಿಲ್ಲ. ಗೊಬ್ಬರ, ತುತ್ತ ತಂದ ದಿನ ಆ ಭಾಗಕ್ಕೆ ಒಂದು ತಂಬಿಗೆ ನೀರು ಹೊಯ್ದು ಬಟ್ಟೆಯಲ್ಲಿ ಒರೆಸಿ.

ಎಣ್ಣೆ ಬಿಡುವ ಕ್ರಮ ಹೀಗೆ. ಹಿಡಿಯ ಕಡೆಯ ಕೊನೆಯನ್ನು ಬಿಚ್ಚಿ ಕೇಬಲ್ಲನ್ನು ನೆಟ್ಟಗೆ ನೇತುಹಾಕಿ. ಮೇಲಿನ ತುದಿಗೆ ಪ್ಲಾಸ್ಟಿಕ್ ಹಾಳೆಯಿಂದ ಪುಟ್ಟ ಆಲಿಕೆ ಮಾಡಿ ದಾರದಲ್ಲಿ ಬಿಗಿಯಿರಿ. ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಅದರಲ್ಲಿ ತುಂಬಿ ಒಳತಂತಿಯನ್ನು ಆಗಾಗ ಮೇಲೆ ಕೆಳಗೆ ಆಡಿಸಿ. ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಕೆಳತುದಿಯಲ್ಲಿ ತೊಟ್ಟಿಕ್ಕಿರುತ್ತದೆ. ಮೊದಲು ಕಂದು ನೀರು, ಆಮೇಲೆ ಶುದ್ಧ ಎಣ್ಣೆ ಬರುವವರೆಗೆ ಬಿಡಬೇಕು. ತೊಟ್ಟಿಕ್ಕಿದ ಎಣ್ಣೆ ಕಾರ್ಬೊರೇಟರಿನೊಳಗೆ ಇಳಿಯದಂತೆ ಕೆಳತುದಿಯನ್ನು ಹೊರಗಿಟ್ಟುಕೊಳ್ಳಿ. ಕೆಲವರು ಅಡಿಗೆಮನೆಯ ಕೊಬ್ಬರಿ ಎಣ್ಣೆ ಬಿಡುತ್ತಾರೆ. ಅದು ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಮಳೆಗಾಲದ, ಚಳಿಗಾಲದ ಬೆಳಗಿನಲ್ಲಿ ಬಾಟಲಿಯಲ್ಲೇ ಗಟ್ಟಿಯಾಗುವುದನ್ನು ದಿನವೂ ನೋಡುತ್ತೀರಿ. ಕೇಬಲ್ಲಿನೊಳಗೂ ಅದು ಹಾಗೆಯೇ ಗಟ್ಟಿಯಾಗುತ್ತದೆ. ಸುಟ್ಟ ಎಂಜಿನ್ ಆಯಿಲ್ಲೂ ಬೇಡ, ಅದರಲ್ಲಿ ಮಸಿ ಇರುತ್ತದೆ.

ಎಣ್ಣೆ ಬಿಟ್ಟರೂ ಗರಗರ ಎಂದರೆ, ಅಥವಾ ತುದಿಯ ಗುಂಡಿನ ಹತ್ತಿರ ಒಂದೇ ಒಂದು ಎಳೆ ತಂತಿ ಕಿತ್ತು ಮುಳ್ಳಿನಂತೆ ಎದ್ದಿದ್ದರೂ ಕೇಬಲ್ ಬದಲಾಯಿಸಿ. ಅದರ ಬೆಲೆ ಒಂದು ಕಿಲೊ ರಾಶಿ ಅಡಕೆಯ ಬೆಲೆಗಿಂತ ಬಹಳ ಕಡಿಮೆ. ಹಳೆಯದು ಹೋದ ದಾರಿಯಲ್ಲೇ ಹೊಸದು ಹೋಗಬೇಕು. ಹಳೆಯ ಕೇಬಲ್ಲಿನ ತುದಿಗೆ ಒಂದು ಗಟ್ಟಿ ದಾರ ಕಟ್ಟಿ ಹೊರಗೆಳೆಯಿರಿ. ಆ ದಾರ ಒಳಗೇ ಉಳಿದು ಹೊಸ ಕೇಬಲ್ಲಿಗೆ ದಾರಿ ತೋರಿಸುತ್ತದೆ.

ಓಡುವಾಗಲೇ ಆಕ್ಸಿಲರೇಟರ್ ಸಿಕ್ಕಿಕೊಂಡರೆ ಏನು ಮಾಡಬೇಕು? ಕ್ಲಚ್ಚು ಹಿಡಿಯಿರಿ. ಎಂಜಿನ್ ಕಿರುಚಿಕೊಳ್ಳುತ್ತದೆ, ಕಿರುಚಲಿ. ಚಕ್ರಕ್ಕೆ ಬಲ ಹೋಗುವುದು ನಿಲ್ಲುತ್ತದೆ. ಎರಡೂ ಬ್ರೇಕು ಸಮನಾಗಿ ಒತ್ತಿ ಪಕ್ಕಕ್ಕೆ ತನ್ನಿ, ಆಮೇಲೆ ಎಂಜಿನ್ ಆಫ್ ಮಾಡಿ. ಕೈಗೆ ಸಿಗುವ ಕೆಂಪು ಆಫ್ ಸ್ವಿಚ್ಚು ಹಲವು ಸಣ್ಣ ಬೈಕುಗಳಲ್ಲಿ ಇಲ್ಲ. ಅಂಥದರಲ್ಲಿ ಕೀಲಿಯನ್ನು ಒಂದು ಹೆಜ್ಜೆ ಮಾತ್ರ ತಿರುಗಿಸಿ, ಹ್ಯಾಂಡಲ್ ಲಾಕ್ ಆಗುವಷ್ಟು ಅಲ್ಲ. ಕ್ಲಚ್ ಲಿವರೇ ಇಲ್ಲದ ಎಕ್ಸ್‌ಎಲ್‌ನಂಥ ಗಾಡಿಯವರು ಮೊದಲೇ ಎಂಜಿನ್ ಆಫ್ ಮಾಡಬೇಕು. ಆ ಸ್ವಿಚ್ಚು ಕೆಲಸ ಮಾಡುತ್ತದೆಯೇ ಎಂದು ಮನೆಯಂಗಳದಲ್ಲೇ ನೋಡಿಟ್ಟುಕೊಳ್ಳಿ, ಮತ್ತು ಮನೆಯಲ್ಲಿ ಆ ಗಾಡಿ ಓಡಿಸುವ ಮಗಳಿಗೆ, ಸೊಸೆಗೆ, ಮಗನಿಗೆ ಇದನ್ನು ಒಂದು ಸಲ ಮಾಡಿಸಿ ತೋರಿಸಿ.

ಹಿಡಿ ಸರಿಯಿದೆ, ಆದರೂ ಕೂಗುತ್ತದೆ

ಹಿಡಿ ಟಕ್ ಎಂದು ಹಿಂದಕ್ಕೆ ಹೋಗುತ್ತದೆ, ಆದರೂ ಎಂಜಿನ್ ಸದ್ದು ಇಳಿಯಲು ಹತ್ತು ಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದರೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ. ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವೆ ಇರುವ ರಬ್ಬರು ಅಥವಾ ಬೇಕಲೈಟ್ ತುಂಡು, ಅದರ ಉಂಗುರ, ಎರಡು ನಟ್ಟು, ಇವೇ ಕಳ್ಳಗಾಳಿಯ ಹೆಬ್ಬಾಗಿಲು. ಮಣ್ಣುರಸ್ತೆಯ ಕುಲುಕಿಗೆ ನಟ್ಟು ಸಡಿಲಾಗುತ್ತದೆ, ಹತ್ತು ವರ್ಷದ ರಬ್ಬರು ಬಿರುಕು ಬಿಡುತ್ತದೆ. ಎಂಜಿನ್ ಸ್ಲೋದಲ್ಲಿರುವಾಗ ಆ ಕೂಡುಜಾಗದ ಸುತ್ತ ಸೋಪಿನ ನೀರನ್ನು ಬೆರಳಿನಿಂದ ತೊಟ್ಟು ತೊಟ್ಟಾಗಿ ಬಿಡಿ. ಯಾವ ಜಾಗದಲ್ಲಿ ಬಿಟ್ಟಾಗ ಸದ್ದು ಬದಲಾಗುತ್ತದೋ ಅಲ್ಲೇ ಸಂದು. ಕೆಲವರು ಇದೇ ಪರೀಕ್ಷೆಯನ್ನು ಪೆಟ್ರೋಲ್ ಎರಚಿ ಮಾಡುತ್ತಾರೆ. ಬಿಸಿ ಎಂಜಿನ್ನಿನ ಪಕ್ಕ ಅದು ಬೆಂಕಿಯ ಜೊತೆ ಸರಸ.

ಎರಡು ಸ್ಟ್ರೋಕಿನ ಹಳೆಯ ಗಾಡಿಯವರು, ಅಂದರೆ ಯೆಜ್ಡಿ, ಆರ್‌ಎಕ್ಸ್, ಎಕ್ಸ್‌ಎಲ್ ಸೂಪರ್ ಇಟ್ಟುಕೊಂಡವರು, ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಇವುಗಳಲ್ಲಿ ಕ್ರ್ಯಾಂಕಿನ ಪಕ್ಕದ ಸೀಲು ಸವೆದರೂ ಗಾಳಿ ನುಗ್ಗುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲಿನ ಜೊತೆ ಬರುವ ಎಣ್ಣೆಯೂ ಕಡಿಮೆ ಬೀಳುತ್ತದೆ. ಎಂಜಿನ್ ವಿಪರೀತ ಬಿಸಿಯಾಗಿ ಪಿಸ್ಟನ್ ಸೀಜ್ ಆಗುತ್ತದೆ. ಪ್ಲಗ್ ಬಿಚ್ಚಿ ನೋಡಿ. ತುದಿ ಇಟ್ಟಿಗೆ ಕಂದು ಬಣ್ಣವಿದ್ದರೆ ಕ್ಷೇಮ. ಸುಣ್ಣದಂತೆ ಬಿಳಿಚಿದ್ದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಹಂಡೆಯ ತಳದಂತೆ ಒಣ ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು: ಚೋಕ್ ಹಿಂದಕ್ಕೆ ಹೋಗಿಲ್ಲ, ಅಥವಾ ಏರ್ ಫಿಲ್ಟರ್ ಕಟ್ಟಿದೆ.

ಏರ್ ಫಿಲ್ಟರಿನ ಡಬ್ಬಿ ತೆರೆದು ನೋಡುವವರು ಕಡಿಮೆ. ಅಡಕೆ ಸುಲಿಯುವ ಕಾಲದಲ್ಲಿ ಚಪ್ಪರದ ಪಕ್ಕ ನಿಂತ ಗಾಡಿಯ ಈ ಡಬ್ಬಿಯಲ್ಲಿ ಇಲಿ ಅಡಕೆ ಸಿಪ್ಪೆಯ ನಾರು ತಂದು ಗೂಡು ಕಟ್ಟುವುದುಂಟು. ಕಾರ್ಬೊರೇಟರಿನ ಸಣ್ಣ ರಬ್ಬರು ನಳಿಕೆಯ ತುದಿಗೆ ಮಣ್ಣಿನ ಕಣಜ ಉಂಡೆ ಮಾಡಿ ಮೊಟ್ಟೆ ಇಡುವುದುಂಟು. ಮಳೆಗಾಲದಲ್ಲಿ ಫಿಲ್ಟರ್ ನೆನೆದರಂತೂ ಎಂಜಿನ್ನಿಗೆ ಒದ್ದೆ ಕಂಬಳಿ ಮುಖಕ್ಕೆ ಒತ್ತಿದಂತೆ. ಕಾಗದದ ಫಿಲ್ಟರ್ ನೆನೆದು ಮೆತ್ತಗಾಗಿದ್ದರೆ ಬದಲಾಯಿಸುವುದೊಂದೇ ದಾರಿ, ತೊಳೆಯಬಾರದು. ಸ್ಪಂಜಿನದಾದರೆ ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ನಾಲ್ಕು ಹನಿ ಎಂಜಿನ್ ಆಯಿಲ್ ಹಾಕಿ ಹಿಂಡಿ ಹಾಕಿ. ಫಿಲ್ಟರನ್ನೇ ತೆಗೆದು ಓಡಿಸಿದರೆ ಪಿಕಪ್ ಚೆನ್ನಾಗಿದೆ ಎನ್ನುವವರಿದ್ದಾರೆ. ಬೇಸಿಗೆಯ ಕೆಂಪು ಧೂಳು ಸಿಲಿಂಡರನ್ನು ಅರೆದು ಹಾಕಿದ ಮೇಲೆ ಅವರ ಮಾತು ಬದಲಾಗುತ್ತದೆ.

ಸ್ಲೈಡನ್ನು ತೊಳೆಯಲು ಬಿಚ್ಚುವವರಿಗೆ ಒಂದು ಎಚ್ಚರಿಕೆ. ಅದರ ಒಂದು ಪಕ್ಕದ ಕೆಳಗೆ ಓರೆಯಾಗಿ ಕತ್ತರಿಸಿರುತ್ತದೆ. ಆ ಓರೆ ಏರ್ ಫಿಲ್ಟರಿನ ಕಡೆಗೆ ಇರಬೇಕು, ಪಕ್ಕದ ಗೀರು ಒಳಗಿನ ಮೊಳೆಗೆ ಕೂರಬೇಕು. ತಿರುವುಮುರುವಾಗಿ ಒತ್ತಿ ಕೂರಿಸಿದರೆ ಬಾಗಿಲು ಅರ್ಧ ತೆರೆದೇ ನಿಲ್ಲುತ್ತದೆ, ಮೊದಲ ಕಿಕ್ಕಿಗೇ ಎಂಜಿನ್ ಮುಗಿಲು ಮುಟ್ಟುವಂತೆ ಕೂಗುತ್ತದೆ. ಮುಚ್ಚಳ ಬಿಗಿದ ಮೇಲೆ, ಎಂಜಿನ್ ಚಾಲೂ ಮಾಡುವ ಮೊದಲು, ಟಕ್ ಸದ್ದಿನ ಪರೀಕ್ಷೆ ಮತ್ತೆ ಮಾಡಿ.

ನೀರು ಕುಡಿದ ಪೆಟ್ರೋಲ್

ಈಗ ಆಫ್ ಆಗುವ ಕಾಯಿಲೆಗೆ ಬರೋಣ. ಮಲೆನಾಡಿನಲ್ಲಿ ಇದಕ್ಕೆ ಮೊದಲ ಕಾರಣ ಪೆಟ್ರೋಲಿನಲ್ಲಿ ನೀರು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಹೆಚ್ಚಾಗಿ ಸಿಗುವುದು ಶೇಕಡಾ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಎಂದರೆ ಮದ್ಯಸಾರವೇ. ನೀರು ಕಂಡರೆ ಹೀರಿಕೊಳ್ಳುವುದು ಅದರ ಗುಣ. ಸ್ವಲ್ಪ ನೀರಾದರೆ ಕರಗಿಸಿಕೊಂಡು ಉರಿದುಹೋಗುತ್ತದೆ. ಮಿತಿ ಮೀರಿದರೆ ಎಥೆನಾಲ್ ನೀರಿನ ಜೊತೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಎಂಜಿನ್ನಿಗೆ ಮೊದಲು ಹೋಗುವುದು ಆ ತಳದ ಸರಕೇ. ಟ್ಯಾಂಕು ಸದಾ ಅರ್ಧಕ್ಕಿಂತ ಕಡಿಮೆ ಇಟ್ಟು ರಿಸರ್ವಿನಲ್ಲೇ ದಿನ ದೂಡುವವರ ಗಾಡಿಗೆ ಈ ತೊಂದರೆ ಜಾಸ್ತಿ. ಖಾಲಿ ಜಾಗದ ಗಾಳಿಯಲ್ಲಿನ ತೇವ ರಾತ್ರಿಯ ಚಳಿಗೆ ಹನಿಯಾಗಿ ಇಳಿಯುತ್ತದೆ, ತುಕ್ಕೂ ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಾದರೂ ಟ್ಯಾಂಕನ್ನು ಆದಷ್ಟು ತುಂಬಿಸಿಡಿ.

ಕಾರ್ಬೊರೇಟರಿನ ಬಟ್ಟಲಿನ ತಳದಲ್ಲಿ ಒಂದು ಸಣ್ಣ ತಿರುಪು ಇದೆ. ಪೆಟ್ರೋಲ್ ಕಾಕು ಮುಚ್ಚಿ, ಎಂಜಿನ್ ತಣ್ಣಗಿರುವಾಗ ಅದನ್ನು ಸಡಿಲಿಸಿ, ಬಂದದ್ದನ್ನು ಬಿಳಿ ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ಹತ್ತು ನಿಮಿಷ ಅಲುಗಿಸದೆ ಇಡಿ. ತಳದಲ್ಲಿ ಬೇರೆ ಪದರವೋ, ಉರುಳಾಡುವ ಗುಳ್ಳೆಯೋ, ಕೆಂಪು ತುಕ್ಕಿನ ಪುಡಿಯೋ ಕಂಡರೆ ಕಾರಣ ಸಿಕ್ಕಿತು. ಅಂಥ ಸಂದರ್ಭದಲ್ಲಿ ಟ್ಯಾಂಕನ್ನೂ ಖಾಲಿ ಮಾಡಿ ಕಾಕಿನ ಜಾಲರಿ ತೊಳೆಯಬೇಕು. ಬಟ್ಟಲು ಮಾತ್ರ ಖಾಲಿ ಮಾಡಿದರೆ ಸಂಜೆಗೆ ಮತ್ತೆ ತುಂಬುತ್ತದೆ. ಇದನ್ನು ಬಚ್ಚಲ ಒಲೆ, ಹಂಡೆಯ ಬೆಂಕಿ, ಅಡಕೆ ಬೇಯಿಸುವ ಒಲೆಯಿಂದ ಬಹು ದೂರ, ತೆರೆದ ಅಂಗಳದಲ್ಲಿ ಹಗಲಿನಲ್ಲೇ ಮಾಡಿ. ತೆಗೆದ ಪೆಟ್ರೋಲನ್ನು ಬಾವಿಯ ಕಡೆಗಾಗಲಿ ಹಳ್ಳಕ್ಕಾಗಲಿ ಚೆಲ್ಲಬೇಡಿ.

ಔಷಧಿ ಹೊಡೆಯುವ ಪಂಪಿಗೂ ಹುಲ್ಲು ಕತ್ತರಿಸುವ ಯಂತ್ರಕ್ಕೂ ತಂದಿಟ್ಟ ಕ್ಯಾನಿನ ಪೆಟ್ರೋಲನ್ನು ಬೈಕಿಗೆ ಸುರಿಯುವುದು ಇನ್ನೊಂದು ರೂಢಿ. ಕೊಳೆರೋಗದ ಔಷಧಿಗೆಂದು ಮೇ ತಿಂಗಳಲ್ಲಿ ತಂದದ್ದು ಆಗಸ್ಟ್‌ವರೆಗೆ ಸಡಿಲ ಮುಚ್ಚಳದ ಕ್ಯಾನಿನಲ್ಲಿ ಕೂತಿದ್ದರೆ ಅದರಲ್ಲಿ ಬೇಗ ಹತ್ತಿಕೊಳ್ಳುವ ಅಂಶ ಹಾರಿಹೋಗಿ, ತೇವ ಸೇರಿರುತ್ತದೆ. ಎರಡು ಸ್ಟ್ರೋಕ್ ಯಂತ್ರಕ್ಕೆ ಎಣ್ಣೆ ಬೆರೆಸಿಟ್ಟದ್ದಾದರೆ ನಾಲ್ಕು ಸ್ಟ್ರೋಕಿನ ಬೈಕಿನ ಪ್ಲಗ್ ಮಸಿಯಾಗುತ್ತದೆ. ಕ್ಯಾನಿನ ಮೇಲೆ ಬಣ್ಣದಲ್ಲಿ ಗುರುತು ಮಾಡಿಡಿ.

ಹೊರಟ ನಾಲ್ಕೈದು ಕಿಲೋಮೀಟರಿಗೆ ಸೊರಗಿ ನಿಲ್ಲುತ್ತದೆ, ಹತ್ತು ನಿಮಿಷ ಬಿಟ್ಟರೆ ಮತ್ತೆ ಹೊರಡುತ್ತದೆ ಎಂದಾದರೆ ಟ್ಯಾಂಕಿನ ಮುಚ್ಚಳ ತೆರೆಯಿರಿ. ‘ಸುಯ್’ ಎಂದು ಗಾಳಿ ಒಳಗೆ ನುಗ್ಗಿದರೆ ಮುಚ್ಚಳದ ಉಸಿರುತೂತು ಕೆಸರಿನಿಂದ ಕಟ್ಟಿದೆ. ಮಳೆ ನೀರು ಇಳಿಯದಿರಲೆಂದು ಮುಚ್ಚಳಕ್ಕೆ ಪ್ಲಾಸ್ಟಿಕ್ ಬಿಗಿದು ರಬ್ಬರ್ ಬ್ಯಾಂಡ್ ಹಾಕಿದವರಿಗೂ ಇದೇ ಗತಿ. ತೂತನ್ನು ಸ್ವಚ್ಛ ಮಾಡಿ. ನಿಲ್ಲಿಸಿದಾಗ ಮಾತ್ರ ಹೊದಿಕೆ ಹಾಕಿ.

ಪೈಲಟ್ ಜೆಟ್ ಕಟ್ಟಿದ್ದರೆ ಬಿಚ್ಚಿ, ಪೆಟ್ರೋಲಿನಲ್ಲಿ ನೆನೆಸಿ, ಸೈಕಲ್ ಪಂಪಿನ ಗಾಳಿ ಹೊಡೆಯಿರಿ. ಬೆಳಕಿಗೆ ಹಿಡಿದರೆ ತೂತು ಉರುಟಾಗಿ ಕಾಣಬೇಕು. ಹೊಲಿಗೆ ಸೂಜಿ, ತಂತಿ ತೂರಿಸಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ತೂತು ಕೂದಲೆಳೆಯಷ್ಟು ಹಿಗ್ಗಿದರೂ ಮೈಲೇಜ್ ಹೋಯಿತು.

ಈಗ ಸ್ಕ್ರೂ

ಮೇಲಿನದೆಲ್ಲ ಸರಿಯಿದ್ದ ಮೇಲೆ ಮಾತ್ರ ಇದು. ಹತ್ತು ನಿಮಿಷ ಓಡಿಸಿ ಎಂಜಿನ್ ಬಿಸಿ ಮಾಡಿ, ಚೋಕ್ ಪೂರ್ತಿ ಹಿಂದಕ್ಕೆ ಹಾಕಿ, ಗಾಡಿಯನ್ನು ನೆಟ್ಟಗೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಬೇಡ, ಹೊಗೆಯ ವಿಷ ದನಕ್ಕೂ ನಿಮಗೂ ಒಂದೇ. ಕಾರ್ಬೊರೇಟರಿಗೆ ಸಾಮಾನ್ಯವಾಗಿ ಎರಡು ಸ್ಕ್ರೂ. ಸ್ಲೈಡಿನ ಕೆಳಗೆ ಒತ್ತುವ ದೊಡ್ಡದು ಸ್ಲೋ ಸ್ಕ್ರೂ. ಸಣ್ಣದು ಮಿಶ್ರಣದ್ದು. ಸಣ್ಣದು ಏರ್ ಫಿಲ್ಟರಿನ ಕಡೆಗಿದ್ದರೆ ಅದು ಗಾಳಿಯದು, ಒಳಗೆ ತಿರುಗಿಸಿದರೆ ಗಾಳಿ ಕಡಿಮೆ. ಎಂಜಿನ್ನಿನ ಕಡೆಗಿದ್ದರೆ ಪೆಟ್ರೋಲಿನದು, ಒಳಗೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ. ಈ ವ್ಯತ್ಯಾಸ ತಿಳಿಯದೆ ತಿರುಗಿಸುವುದರಿಂದಲೇ ಅರ್ಧ ಗಾಡಿಗಳು ಕೆಡುವುದು.

ಮೊದಲು ಸಣ್ಣ ಸ್ಕ್ರೂವನ್ನು ಮೆಲ್ಲಗೆ ಒಳಗೆ ತಿರುಗಿಸುತ್ತ ಎಷ್ಟು ಸುತ್ತಿಗೆ ತಳ ಮುಟ್ಟಿತೆಂದು ಎಣಿಸಿ, ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ತಳ ಮುಟ್ಟಿದ ಮೇಲೆ ಬಿಗಿಯಬೇಡಿ, ಮೊನೆ ಮುರಿಯುತ್ತದೆ. ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತನ್ನಿ. ಎಂಜಿನ್ ಚಾಲೂ ಮಾಡಿ, ಸ್ಲೋ ಸ್ಕ್ರೂವಿನಿಂದ ಸದ್ದನ್ನು ತುಸು ಏರಿಸಿಟ್ಟು, ಸಣ್ಣ ಸ್ಕ್ರೂವನ್ನು ಕಾಲು ಸುತ್ತಿನಷ್ಟು ಒಳಗೆ, ಹೊರಗೆ ಮಾಡುತ್ತ ಸದ್ದು ಅತಿ ಹೆಚ್ಚು ಮತ್ತು ಒಂದೇ ಸಮ ಇರುವ ಜಾಗ ಹುಡುಕಿ. ಪ್ರತಿ ಸಲ ಹತ್ತು ಸೆಕೆಂಡ್ ಕಾಯಿರಿ. ಆ ಜಾಗ ಸಿಕ್ಕ ಮೇಲೆ ಸ್ಲೋ ಸ್ಕ್ರೂ ಇಳಿಸಿ. ನೂರು ಸಿಸಿಯ ಗಾಡಿಗಳು ಸಾಮಾನ್ಯವಾಗಿ ನಿಮಿಷಕ್ಕೆ 1,400 ಸುತ್ತಿನ ಆಸುಪಾಸಿನಲ್ಲಿ ನಿಲ್ಲಬೇಕು. ಸುತ್ತು ತೋರಿಸುವ ಮೀಟರ್ ಇಲ್ಲದವರಿಗೆ ಗುರುತು, ಹೆಡ್‌ಲೈಟ್ ಹಾಕಿದಾಗ ಎಂಜಿನ್ ಸಾಯಬಾರದು, ಗೇರ್ ಹಾಕಿದಾಗ ಗಾಡಿ ಹಾರಬಾರದು. ಎಷ್ಟು ಮಾಡಿದರೂ ಬಿಸಿಯಾದಾಗ ಒಂದು ಥರ, ತಣ್ಣಗಿದ್ದಾಗ ಇನ್ನೊಂದು ಥರ ಎನ್ನುವ ನಾಲ್ಕು ಸ್ಟ್ರೋಕ್ ಗಾಡಿಗೆ ವಾಲ್ವಿನ ಸಂದು ನೋಡಿಸಬೇಕು. ಅದು ಅಳತೆಪಟ್ಟಿ ಇರುವ ಮೆಕ್ಯಾನಿಕರ ಕೆಲಸ.

ಇಂಜೆಕ್ಟರ್ ಗಾಡಿಯವರಿಗೆ

ನಿಮ್ಮ ಗಾಡಿಯಲ್ಲಿ ಸ್ಲೋ ನೋಡಿಕೊಳ್ಳುವುದು ವಿದ್ಯುತ್ ಪೆಟ್ಟಿಗೆ. ಬಣ್ಣ ಹಚ್ಚಿ ಮುಚ್ಚಿದ ಸ್ಕ್ರೂ ಕಂಡರೆ ಅದನ್ನು ಮುಟ್ಟಿದ ಕೂಡಲೆ ಲೆಕ್ಕ ತಪ್ಪುತ್ತದೆ. ನೀವು ನೋಡಬೇಕಾದ್ದು ಕೇಬಲ್ಲು, ಏರ್ ಫಿಲ್ಟರು, ಪ್ಲಗ್ಗು, ಮತ್ತು ಮುಖ್ಯವಾಗಿ ಬ್ಯಾಟರಿ. ಬ್ಯಾಟರಿ ಸೊರಗಿದರೆ ಪಂಪು, ಪೆಟ್ಟಿಗೆ, ಇಂಜೆಕ್ಟರ್ ಎಲ್ಲವೂ ತಡವರಿಸುತ್ತವೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಕೊಂಡಿಗಳಲ್ಲಿ ಬಿಳಿ ಹಿಟ್ಟು ಕಟ್ಟಿರುತ್ತದೆ. ಉಜ್ಜಿ ಬಿಗಿ ಮಾಡಿ ತುಸು ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಟ್ಯಾಂಕು ಪೂರ್ತಿ ಬತ್ತಿಸಿ ಓಡಿಸಬೇಡಿ, ಒಳಗಿನ ಪಂಪು ತಂಪಾಗಿರುವುದು ಪೆಟ್ರೋಲಿನಲ್ಲಿ ಮುಳುಗಿದ್ದಾಗ. ಓಡುವಾಗ ಹಳದಿ ದೀಪ ಹತ್ತಿಕೊಂಡೇ ಇದ್ದರೆ ಅಥವಾ ಲೆಕ್ಕ ಹಿಡಿದಂತೆ ಮಿನುಗಿದರೆ ಎಷ್ಟು ಸಲ ಉದ್ದ, ಎಷ್ಟು ಸಲ ಗಿಡ್ಡ ಎಂದು ಎಣಿಸಿ ಬರೆದುಕೊಳ್ಳಿ, ಇಲ್ಲವೆ ಮೊಬೈಲಿನಲ್ಲಿ ಚಿತ್ರ ಹಿಡಿಯಿರಿ. ಯಾವ ಭಾಗ ಕೆಟ್ಟಿದೆ ಎಂಬುದನ್ನು ಹಲವು ಗಾಡಿಗಳು ಆ ಮಿನುಗಿನಲ್ಲೇ ಹೇಳುತ್ತವೆ. ಎಂಜಿನ್ ಮೇಲೆ ಪೈಪಿನಿಂದ ನೀರು ಹೊಡೆದು ತೊಳೆದ ಮರುದಿನ ದೀಪ ಹತ್ತಿದರೆ ಯಾವುದೋ ತಂತಿಯ ಕೂಡುಜಾಗಕ್ಕೆ ನೀರು ಹೋಗಿದೆ ಎಂದೇ ಮೊದಲು ಅನುಮಾನಿಸಿ. ಇಲಿ ಕಡಿದ ತಂತಿಯನ್ನೂ ಹುಡುಕಿ.

ಮೆಕ್ಯಾನಿಕರ ಬಳಿ ಹೋಗಲೇಬೇಕಾದಾಗ ‘ಸ್ಲೋ ಸರಿ ಮಾಡಿ’ ಎನ್ನಬೇಡಿ. ಅವರು ಸ್ಕ್ರೂ ಏರಿಸಿ ಕಳಿಸುತ್ತಾರೆ, ತಪ್ಪು ಅವರದಲ್ಲ. ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಹಿಡಿ ಯಾವ ಗೆರೆಯಲ್ಲಿದ್ದಾಗ, ಹ್ಯಾಂಡಲ್ ತಿರುಗಿಸಿದರೆ ಬದಲಾಗುತ್ತದೆಯೇ, ಹೊರೆ ಇದ್ದಾಗ ಮಾತ್ರವೇ, ಪ್ಲಗ್ಗಿನ ಬಣ್ಣ ಏನು, ಕೊನೆಯ ಸಲ ಪೆಟ್ರೋಲ್ ಎಲ್ಲಿಂದ ತಂದದ್ದು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಬಟ್ಟಲಿನಿಂದ ತೆಗೆದ ಪೆಟ್ರೋಲಿನಲ್ಲಿ ನೀರು ಕಂಡಿದ್ದರೆ ಅದನ್ನೂ ಬರೆಯಿರಿ. ಟ್ಯಾಂಕಿನ ಪಕ್ಕದ ಚೀಲದಲ್ಲಿ ಒಂದು ಹೊಸ ಕೇಬಲ್, ಒಂದು ಪ್ಲಗ್, ಪ್ಲಗ್ ಸ್ಪ್ಯಾನರ್, ಒಣ ಬಟ್ಟೆಯ ತುಂಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿರಿ. ಕೇಬಲ್ ಕೊಳ್ಳುವಾಗ ಹಳೆಯದನ್ನು ಒಯ್ದು ಉದ್ದ ಹೋಲಿಸಿ ನೋಡಿಯೇ ತನ್ನಿ. ಒಂದೇ ಕಂಪನಿಯ ಎರಡು ಮಾದರಿಗಳಿಗೆ ಬೆರಳುದ್ದದ ವ್ಯತ್ಯಾಸವಿರುತ್ತದೆ.